ಮೊದಲನೇ ಸಲ ಶಮೀಮ್ ಹೇಳಿದ್ದು

ಟೀವಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕನ್ನಡದಲ್ಲಿ ಟೀವಿ ಶುರುವಾದಾಗ ಕಾರ್ಯಕ್ರಮ ಮಾಡಿದ ಮೊದಲ ಕೆಲವರಲ್ಲಿ ಈ ಮುದುಕಿಯೂ ಒಬ್ಬಳು ಅಂತ ಯಾರೋ ಅವರಿಗೆ ಹೇಳಿರುತ್ತಾರೆ. ಆಗಿನ ಕ್ಯಾಮೆರಾ ಹೇಗಿತ್ತು, ಯಾರು ಯಾರನ್ನು ಕಂಡಿದ್ದೀರಿ, ನಾಟಕದ ಕಂಪನಿಯಿಂದ ಅಲ್ಲಿಗೆ ಹೇಗೆ ಹೋದಿರಿ ಅಂತ ಕೇಳುತ್ತಾರೆ. ಕಾಫಿ ಕೊಟ್ಟು ಒಂದಿಷ್ಟು ಹೇಳಿ ಕಳಿಸುತ್ತೇನೆ. ಹೇಳಲೇಬೇಕಾದದ್ದನ್ನು ಮಾತ್ರ ಅವರಾರಿಗೂ ಹೇಳಿಲ್ಲ. ಅದು ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ, ಟೀವಿ ಎಂಬ ಶಬ್ದವನ್ನೇ ನಾನು ಕೇಳಿರದ ಕಾಲದಲ್ಲಿ ನಡೆದದ್ದು. ಈಗ ಎಂಬತ್ತು ದಾಟಿತು. ಬರೆದಾದರೂ ಇಡೋಣ ಅಂತ ಕೂತಿದ್ದೇನೆ.

ನನ್ನ ಹೆಸರು ತಿಪ್ಪಮ್ಮ. ಅದನ್ನು ವಿಮಲಾ ಅಂತ ಮಾಡಿದವರು ನಮ್ಮ ನಾಟಕ ಕಂಪನಿಯ ಯಜಮಾನ್ರು. "ತಿಪ್ಪಮ್ಮ ಅಂತ ಬೋರ್ಡ್ ಬರೆಸಿದ್ರೆ ಸೀತೆನ ನೋಡೋಕೆ ಯಾರೇ ಬರ್ತಾರೆ?" ಅಂದಿದ್ದರು. ನನ್ನ ತಾಯಿ ಅದೇ ಕಂಪನಿಯಲ್ಲಿ ಹಾಡಿ, ಅಲ್ಲೇ ಕಾಯಿಲೆ ಬಿದ್ದು, ಅಲ್ಲೇ ತೀರಿಕೊಂಡವಳು. ಹಾಗಾಗಿ ನನಗೆ ಬೇರೆ ಮನೆ ಅಂತ ಇರಲಿಲ್ಲ. ಕಂಪನಿ ಮೊಕ್ಕಾಂ ಹಾಕಿದ ಊರೇ ನನ್ನ ಊರು.

ಐವತ್ತರ ದಶಕದ ಮೊದಲಲ್ಲಿ ಕಂಪನಿ ಶಿವಮೊಗ್ಗಕ್ಕೆ ಬಂತು. ಗಾಂಧಿ ಬಜಾರಿನ ಅಂಗಡಿ ಸಾಲು ಮುಗಿದ ಮೇಲೆ ಸ್ವಲ್ಪ ದೂರದಲ್ಲಿ ಒಂದು ಖಾಲಿ ಜಾಗ, ಅಲ್ಲಿ ತಗಡಿನ ಥಿಯೇಟರು. ಮಳೆ ಬಂದರೆ ಮಾತು ಕೇಳಿಸುತ್ತಿರಲಿಲ್ಲ, ಬಿಸಿಲು ಬಂದರೆ ಬಣ್ಣ ನಿಲ್ಲುತ್ತಿರಲಿಲ್ಲ. ನನಗೆ ಹದಿನಾರು. ಸಖಿಯ ಪಾತ್ರ, ದಾಸಿಯ ಪಾತ್ರ ಮಾಡುತ್ತಿದ್ದೆ. ಬೆಳಗಿನ ಹೊತ್ತು ಯಜಮಾನ್ರು ಚಿಕ್ಕವರನ್ನೆಲ್ಲ ಕೂರಿಸಿಕೊಂಡು ಅಳುವುದನ್ನು ಕಲಿಸುತ್ತಿದ್ದರು. ನಗುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ, ಅಳುವುದನ್ನು ಕಲಿಸುವವನೇ ಗುರು ಅನ್ನುವುದು ಅವರ ಅಭಿಪ್ರಾಯ. "ಅಳು ಗಂಟಲಲ್ಲಿ ಹುಟ್ಟಬಾರದು, ಉಸಿರಲ್ಲಿ ಹುಟ್ಟಬೇಕು. ಮೊದಲು ಮಾತನ್ನ ನಿಲ್ಲಿಸು. ಉಸಿರು ಎಳಕೋ. ಜನ ನಿನಗಿಂತ ಮುಂಚೆ ಅಳಬೇಕು. ಆಮೇಲೆ ನೀನು ಅತ್ತರೂ ಸರಿ, ಅಳದಿದ್ದರೂ ಸರಿ." ಆ ವಿದ್ಯೆ ನನಗೆ ಬೇಗ ಹತ್ತಿತು.

ಕಂಪನಿಯ ದೊಡ್ಡ ನಟಿ ಪದ್ಮಕ್ಕ. ನನ್ನ ತಾಯಿ ಹೋದ ಮೇಲೆ ನನಗೆ ತಲೆ ಬಾಚುತ್ತಿದ್ದವಳು ಅವಳೇ. ಹರಿಹರದ ಮೊಕ್ಕಾಂನಲ್ಲಿ ಅವಳ ಎರಡು ವರ್ಷದ ಮಗ ಸಿಡುಬಿನಲ್ಲಿ ಹೋದ. ಮೂರು ವಾರ ಕಳೆದಿರಲಿಲ್ಲ, ಶಿವಮೊಗ್ಗದಲ್ಲಿ ಭಾನುವಾರದ ಮಧ್ಯಾಹ್ನದ ಆಟ. ತಾಯಿಯೊಬ್ಬಳು ಸತ್ತ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುವ ದೃಶ್ಯ. ಬೇರೆ ಯಾರಿಗಾದರೂ ಆ ಪಾತ್ರ ಕೊಡಿ ಅಂತ ಪದ್ಮಕ್ಕ ಕೇಳಲಿಲ್ಲ, ಯಜಮಾನ್ರೂ ಕೊಡುತ್ತೇನೆ ಅನ್ನಲಿಲ್ಲ. ಬಟ್ಟೆಯ ಗೊಂಬೆ ಹಿಡಿದು ಅವಳು ಕೂತಳು. ಅವತ್ತು ಅವಳು ಅತ್ತ ಹಾಗೆ ನಾನು ಯಾವತ್ತೂ ಯಾರನ್ನೂ ನೋಡಿರಲಿಲ್ಲ. ಮುಗಿಯುತ್ತಿದ್ದಂತೆ ಜನ ಎದ್ದು ನಿಂತು "ಒನ್ಸ್ ಮೋರ್" ಅಂತ ಕೂಗಿದರು. ಆಗ ಹಾಗೆಯೇ. ಹಾಡಾಗಲಿ ಸಾವಾಗಲಿ, ಜನ ಕೇಳಿದರೆ ಮತ್ತೊಮ್ಮೆ ಮಾಡಬೇಕು. ಯಜಮಾನ್ರು ಪಕ್ಕದ ಪರದೆಯ ಹಿಂದಿನಿಂದ, ಮತ್ತೆ ಮಾಡು ಅಂತ ಕೈ ತಿರುಗಿಸಿದರು. ಪದ್ಮಕ್ಕ ಮತ್ತೆ ಮೊದಲಿನಿಂದ ಅತ್ತಳು. ಮತ್ತೆ ಕೂಗು. ಮತ್ತೆ ಕೈ. ಮೂರನೇ ಸಲ ಅವಳು ನಾಟಕದ ಮಾತು ಬಿಟ್ಟು ತನ್ನ ಮಗನ ಹೆಸರು ಹಿಡಿದು ಏನೇನೋ ಹೇಳತೊಡಗಿದಳು, ಎದ್ದೇಳಲಿಲ್ಲ. ಪರದೆ ಎಳೆದರು. ಹೊರಗೆ ಚಪ್ಪಾಳೆ ನಿಲ್ಲಲೇ ಇಲ್ಲ.

ವಾರದೊಳಗೆ ಅವಳ ಅಣ್ಣ ಬಂದು ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದ. ಅವಳು ಮತ್ತೆ ಬಣ್ಣ ಹಚ್ಚಲಿಲ್ಲ ಅಂತ ಕೇಳಿದೆ. ಅವಳ ಪಾತ್ರಗಳೆಲ್ಲ ನನಗೆ ಬಂದವು. ನಾನು ದುಃಖಪಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಖುಷಿಪಟ್ಟೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ನನ್ನ ಹೆಸರು ನೋಡಲು ದಿನಾ ಬಜಾರಿನ ಕಡೆಯಿಂದ ಸುತ್ತಿ ಬರುತ್ತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಸಿನಿಮಾ ನಮ್ಮನ್ನು ತಿಂದು ಹಾಕಿತು. ಶಿವಮೊಗ್ಗದಲ್ಲಿ ಎರಡನೇ ಸಲ ಮೊಕ್ಕಾಂ ಹಾಕಿದ್ದಾಗಲೇ ಕಂಪನಿ ಒಡೆಯಿತು. ಯಜಮಾನ್ರು ತಮ್ಮ ಹಾರ್ಮೋನಿಯಂ ಒಂದನ್ನೇ ಹಿಡಿದುಕೊಂಡು ಗದಗಿನ ರೈಲು ಹತ್ತಿದರು. ನಾನು ಎಲ್ಲಿಗೆ ಹೋಗಲಿ? ಇಲ್ಲೇ ಉಳಿದೆ.

ಉಳಿಯಲು ಮನೆ ಬೇಕಲ್ಲ. ನಾಟಕದ ಹೆಂಗಸಿಗೆ, ಅದೂ ಒಂಟಿ ಹೆಂಗಸಿಗೆ, ಯಾರು ಮನೆ ಕೊಡುತ್ತಾರೆ? ರವೀಂದ್ರನಗರದಲ್ಲಿ ಒಂದು ಮನೆಯ ಅಮ್ಮ ಕುಂಕುಮ ಕೊಟ್ಟು, ಕೂರಿಸಿ, ನನ್ನ ನಾಟಕಗಳನ್ನೆಲ್ಲ ಹೊಗಳಿ, "ಮನೆ ಮಾತ್ರ ಕೊಡಕ್ಕಾಗಲ್ಲ ಕಣಮ್ಮ, ಬೆಳೆದ ಹೆಣ್ಣುಮಕ್ಕಳಿದ್ದಾರೆ" ಅಂದರು. ಹೊಸಮನೆ ಬಡಾವಣೆಯಲ್ಲಿ ಲಾರಿ ಮೆಕ್ಯಾನಿಕ್ ಇಸ್ಮಾಯಿಲ್ ಸಾಬರು ತಮ್ಮ ಮನೆಯ ಹಿಂಭಾಗದ ಎರಡು ಕೋಣೆ ಕೊಟ್ಟರು. ಅವರ ಹೆಂಡತಿ ಖೈರುನ್‌ಬಿ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಓದು ಬರಹ ಬರುತ್ತಾ?" ಬರುತ್ತೆ ಅಂದೆ. "ಹಾಗಾದ್ರೆ ನಮ್ಮ ಹುಡುಗಿಗೆ ಕನ್ನಡ ಓದೋದು ಕಲಿಸಿ. ಇಸ್ಕೂಲು ಬಿಡಿಸಿಬಿಟ್ಟಿದ್ದೀವಿ."

ಆ ಹುಡುಗಿಯೇ ಶಮೀಮ್. ಆಗ ಅವಳಿಗೆ ಹದಿನಾಲ್ಕು. ಓದಿನಲ್ಲಿ ಚುರುಕು, ಮಾತಿನಲ್ಲಿ ನಿಧಾನ. ಏನು ಕೇಳಿದರೂ ಒಂದು ಕಡೆಯಿಂದ ಶುರು ಮಾಡಿ, ಬೆಕ್ಕು ಹಾಲು ಕುಡಿದದ್ದು, ಪಕ್ಕದ ಮನೆಯ ಕೋಳಿ ಬಂದದ್ದು ಎಲ್ಲವನ್ನೂ ದಾಟಿ ಉತ್ತರಕ್ಕೆ ಬರುತ್ತಿದ್ದಳು. "ಬೇಗ ಹೇಳೇ ಮಾರಾಯ್ತಿ" ಅಂತ ನಾನು ನಗುತ್ತಿದ್ದೆ. "ಇರಿ ಅಕ್ಕ, ಆದದ್ದು ಆದ ಹಾಗೆ ಹೇಳಬೇಕಲ್ವಾ?" ಅನ್ನುತ್ತಿದ್ದಳು.

ನನ್ನ ಹೊಟ್ಟೆಪಾಡು ಆಗ ಭದ್ರಾವತಿಯಲ್ಲಿ. ಕಾರ್ಖಾನೆ ಕ್ವಾರ್ಟರ್ಸಿನ ಕೆಲಸಗಾರರು ಹಬ್ಬ ಹುಣ್ಣಿಮೆಗೆ ನಾಟಕ ಆಡುತ್ತಿದ್ದರು. ಗಂಡು ಪಾತ್ರಕ್ಕೆಲ್ಲ ಅವರೇ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಾನು. ತಾಲೀಮು ಮಾಡಿಸುವುದೂ ಕ್ರಮೇಣ ನನ್ನ ಪಾಲಿಗೇ ಬಂತು. ತಮಿಳರು, ತೆಲುಗರು, ನಮ್ಮವರು, ಎಲ್ಲರಿಗೂ ಕನ್ನಡದ ಮಾತು ಉರು ಹೊಡೆಸಿ, ಎಲ್ಲಿ ಉಸಿರು ಎಳೆಯಬೇಕು ಅಂತ ಯಜಮಾನ್ರು ಕಲಿಸಿದ್ದನ್ನೇ ಕಲಿಸುತ್ತಿದ್ದೆ. ಆ ದಿನಗಳಲ್ಲೇ ಶಮೀಮ್‌ಗೆ ಭದ್ರಾವತಿಯ ಲಾರಿ ಡ್ರೈವರ್ ದಸ್ತಗೀರ್ ಜೊತೆ ಮದುವೆಯಾಯಿತು. ಇಸ್ಮಾಯಿಲ್ ಸಾಬರ ಶೆಡ್ಡಿಗೆ ಗಾಡಿ ರಿಪೇರಿಗೆ ಬರುತ್ತಿದ್ದ ಹುಡುಗ, ಒಳ್ಳೆಯವನು, ಅಗಲ ಹಣೆ, ಕಡಿಮೆ ಮಾತು.

ಅರವತ್ತರ ದಶಕದ ನಡುವೆ ಭದ್ರಾವತಿಗೆ ರೇಡಿಯೋ ಬಂತು. ಕಾರ್ಖಾನೆಯ ಗೆಳೆಯರೇ ದೂಡಿ ದೂಡಿ ನನ್ನನ್ನು ಧ್ವನಿಪರೀಕ್ಷೆಗೆ ಕಳಿಸಿದರು. ನಾನು ಮಾಡಿದ ಮೊದಲ ತಪ್ಪು ಕೇಳಿ: ತಗಡಿನ ಥಿಯೇಟರಿನ ಕೊನೆಯ ಬೆಂಚಿಗೆ ಮುಟ್ಟಿಸುವ ಗಂಟಲಿನಲ್ಲಿ ಮೈಕಿನ ಮುಂದೆ ಕೂಗಿದೆ. ಗಾಜಿನ ಆಚೆ ಕೂತಿದ್ದ ಸೆಲ್ವರಾಜ್ ಕಿವಿಯ ಮೇಲಿದ್ದ ಹೆಡ್‌ಫೋನ್ ಕಿತ್ತು ಎಸೆದ. ಅವನು ಧ್ವನಿಮುದ್ರಣದವನು, ಭದ್ರಾವತಿಯಲ್ಲೇ ಹುಟ್ಟಿದ ತಮಿಳ. ಒಳಗೆ ಬಂದು, "ಅಮ್ಮಾ, ಇದು ಮೈಕು. ಹತ್ರ ಕೂತಿರೋ ಮಗು ಥರ. ಅದರ ಕಿವಿಯಲ್ಲಿ ಹೇಳಿ" ಅಂದ.

ಅನಂತರಾಮಯ್ಯನವರು ನಮ್ಮ ಮೇಲಧಿಕಾರಿ. ಮೈಸೂರಿನ ಕಡೆಯವರು, ಕೋಟು ಬಿಟ್ಟು ಹೊರಗೆ ಬರದವರು. ನಾಟಕದವಳು ಅಂತ ಅವರು ಮುಖ ಸಿಂಡರಿಸಲಿಲ್ಲ. "ನೋಡಮ್ಮ, ನಿನ್ನ ಮುಂದೆ ಸಾವಿರ ಜನ ಕೂತಿಲ್ಲ. ಒಬ್ಬಳು ಅಕ್ಕಿ ಆರಿಸ್ತಾ ಕೂತಿದ್ದಾಳೆ. ಅವಳಿಗೆ ಹೇಳು" ಅಂದರು. ಮಹಿಳೆಯರ ಕಾರ್ಯಕ್ರಮಕ್ಕೆ ನನ್ನನ್ನು ತೆಗೆದುಕೊಂಡರು. ಶಿವಮೊಗ್ಗದಿಂದ ಬೆಳಗ್ಗೆ ಬಸ್ಸು ಹತ್ತಿ ಹೋಗುತ್ತಿದ್ದೆ, ಸಂಜೆ ಬರುತ್ತಿದ್ದೆ. ಕಾಗದ ಸದ್ದಾಗದ ಹಾಗೆ ಪುಟ ತಿರುಗಿಸುವುದು, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಬೇಡದ ಮಾತನ್ನು ತೆಗೆದು ಮತ್ತೆ ಅಂಟಿಸುವುದು, ಎಲ್ಲವನ್ನೂ ಸೆಲ್ವರಾಜ್ ಕಲಿಸಿದ. ಕತ್ತರಿಸಿ ಅಂಟಿಸುವ ಕೆಲಸ ನನಗೆ ಬಹಳ ಹಿಡಿಸಿತು. ಕೆಮ್ಮು ಹೋಗುತ್ತದೆ, ತಡವರಿಕೆ ಹೋಗುತ್ತದೆ, ಮನುಷ್ಯ ತಾನು ಮಾತಾಡಿದ್ದಕ್ಕಿಂತ ಚೆನ್ನಾಗಿ ಮಾತಾಡುತ್ತಾನೆ. ಎರಡು ವರ್ಷದಲ್ಲಿ ಕಾರ್ಯಕ್ರಮ ತಯಾರಿಸುವ ಹೊಣೆಯನ್ನೇ ನನಗೆ ಬಿಟ್ಟರು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬಿದಿರು ತುಂಬಿಕೊಂಡು ಬರುತ್ತಿದ್ದ ಲಾರಿಯೊಂದು ಘಾಟಿಯ ತಿರುವಿನಲ್ಲಿ ಉರುಳಿಬಿತ್ತು. ಮೇಲೆ ಕೂತಿದ್ದ ಇಬ್ಬರು ಕೂಲಿಯವರು ಸತ್ತರು. ಡ್ರೈವರ್ ಕೂಡ. ಡ್ರೈವರ್ ದಸ್ತಗೀರ್. ಇಸ್ಮಾಯಿಲ್ ಸಾಬರು ಸುದ್ದಿ ಕೇಳಿ ಶೆಡ್ಡಿನಿಂದ ಮನೆಗೆ ಬಂದು, ಎಣ್ಣೆ ಮೆತ್ತಿದ ಕೈ ತೊಳೆಯದೆ ಅಂಗಳದಲ್ಲಿ ಕೂತುಬಿಟ್ಟರು. ಶಮೀಮ್‌ಗೆ ನಾಲ್ಕು ವರ್ಷದ ಮಗ ಅನ್ವರ್, ಎದೆಹಾಲು ಬಿಡದ ಒಂದು ಹೆಣ್ಣುಮಗು.

ಒಂದೂವರೆ ತಿಂಗಳು ಕಳೆದ ಮೇಲೆ ನನ್ನ ತಲೆಯಲ್ಲಿ ಒಂದು ಕಾರ್ಯಕ್ರಮದ ಯೋಚನೆ ಹುಟ್ಟಿತು. ಲಾರಿಯವರ ಹೆಂಡತಿಯರು. ದಾರಿ ನೋಡುತ್ತಾ ಕೂರುವವರು. ಯಾರೂ ನನಗೆ ಹೇಳಲಿಲ್ಲ, ನನ್ನದೇ ಯೋಚನೆ. ಅನಂತರಾಮಯ್ಯನವರು, "ದುಃಖ ಹಸಿ ಇರುವಾಗ ಹೋಗಬೇಕಾ ಅಮ್ಮ?" ಅಂದರು. "ನನಗೆ ಗೊತ್ತಿರೋ ಹುಡುಗಿ ಸಾರ್, ನನ್ನ ಹತ್ರ ಮಾತಾಡ್ತಾಳೆ" ಅಂದೆ. ಮೂರ್ನಾಲ್ಕು ಮನೆಯವರನ್ನು ಮಾತಾಡಿಸಿ ಮುದ್ರಿಸಿಕೊಂಡೆ. ಕೊನೆಗೆ ಶಮೀಮ್ ಮನೆ.

ಅವಳು ಇದ್ದತ್‌ನಲ್ಲಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆ ಬಿಟ್ಟು ಹೋಗುವುದಿಲ್ಲ, ಹೊರಗಿನ ಗಂಡಸರ ಎದುರು ಬರುವುದಿಲ್ಲ. ಜೊತೆಗೆ ಇರಲು ಖೈರುನ್‌ಬಿ ಶಿವಮೊಗ್ಗದಿಂದ ಬಂದಿದ್ದರು. ಸೆಲ್ವರಾಜ್ ಒಳಗೆ ಬರುವ ಹಾಗಿರಲಿಲ್ಲ. ಅವನು ಯಂತ್ರವನ್ನು ಹೊತ್ತು ತಂದು ಬಾಗಿಲಲ್ಲಿ ಇಟ್ಟು, "ಅಮ್ಮಾ, ನೆನಪಿರಲಿ, ಎರಡು ಗುಂಡಿಯನ್ನೂ ಸೇರಿಸಿ ಒತ್ತಬೇಕು. ಒಂದೇ ಒತ್ತಿದ್ರೆ ರೀಲು ತಿರುಗುತ್ತೆ, ಆದ್ರೆ ಏನೂ ಹತ್ತಲ್ಲ" ಅಂತ ಎರಡು ಸಲ ಹೇಳಿ ಜಗಲಿಯ ಮೇಲೆ ಕೂತ.

ಶಮೀಮ್ ಚಾಪೆಯ ಮೇಲೆ ಕೂತಿದ್ದಳು. ಇಳಿದುಹೋಗಿದ್ದಳು. "ನಿನ್ನ ಹೆಸರು ಎಲ್ಲೂ ಬರಲ್ಲ, ಬೇಡ ಅನ್ನಿಸಿದ್ರೆ ಬೇಡ" ಅಂದೆ. "ನೀವು ಕೇಳಿದ ಮೇಲೆ ಏನಕ್ಕ, ಹೇಳ್ತೀನಿ" ಅಂದಳು. ನಾನು ಗುಂಡಿ ಒತ್ತಿದೆ. ರೀಲು ತಿರುಗಿತು.

ಅವಳು ತನ್ನ ರೀತಿಯಲ್ಲೇ ಹೇಳಿದಳು, ನಿಧಾನವಾಗಿ, ಒಂದೇ ಸ್ವರದಲ್ಲಿ, ಮಗುವಿನ ಬೆನ್ನು ತಟ್ಟುತ್ತಾ:

"ಅವತ್ತು ಬೆಳಗ್ಗೆ ಅವರಿಗೆ ಮೈ ಸುಡ್ತಿತ್ತು ಅಕ್ಕ. ಹಣೆ ಮುಟ್ಟಿ ನೋಡಿದೆ. ಇವತ್ತು ಹೋಗ್ಬೇಡಿ ಅಂದೆ. ಹೂಂ ಅಂತ ಗೋಡೆ ಕಡೆ ತಿರುಗಿ ಮಲಗಿದ್ರು. ಗಂಜಿಗೆ ಇಟ್ಟೆ. ಅಷ್ಟೊತ್ತಿಗೆ ಮಾಲೀಕರ ಕಡೆಯವನು ಬಂದು ಬೀದಿಯಲ್ಲಿ ಹಾರನ್ ಹೊಡೆದ. ಬಿಡದೆ ಹೊಡೆದ. ಇದು ಎದ್ದು ಅಳೋಕೆ ಶುರು ಮಾಡ್ತು. ನಾನು ಬಾಗಿಲ ಹಿಂದೆ ನಿಂತು, ಜ್ವರ ಇದೆ, ಬರಲ್ಲ ಅಂದೆ. ಬರದಿದ್ರೆ ಬೇರೆಯವನು ಬರ್ತಾನೆ, ಆಮೇಲೆ ಗಾಡಿ ಅವನದ್ದೇ, ನೋಡ್ಕೊಳ್ಳಿ ಅಂದ. ಇವರು ಒಳಗಿಂದ ಕೇಳಿಸ್ಕೊಂಡ್ರು. ಎದ್ದು ಷರ್ಟು ಹಾಕ್ಕೊಂಡ್ರು. ಬೇಡ ಅಂತ ತೋಳು ಹಿಡ್ಕೊಂಡೆ. ಏನ್ ಮಾಡ್ಲಿ ನೀನೇ ಹೇಳು ಅಂದ್ರು. ನಾನೇನು ಹೇಳ್ಲಿ? ಗಂಜಿ ಉಕ್ತಿತ್ತು, ಇಳಿಸೋಕೆ ಹೋದೆ. ಬರೋಷ್ಟರಲ್ಲಿ ಚಪ್ಪಲಿ ಹಾಕ್ಕೊಂಡಿದ್ರು. ಹೋಗಿ ಬನ್ನಿ ಅಂದೆ. ಹೊರಟವರಿಗೆ ಹೋಗಿ ಬನ್ನಿ ಅಂತ್ಲೇ ಅಲ್ವಾ ಅಕ್ಕ ಅನ್ನೋದು?"

ಅಷ್ಟೇ. ಅಳಲಿಲ್ಲ. ಖೈರುನ್‌ಬಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಯಂತ್ರವನ್ನು ಜಗಲಿಗೆ ಕೊಟ್ಟೆ. ಸೆಲ್ವರಾಜ್ ರೀಲು ಹಿಂದಕ್ಕೆ ಸುತ್ತಿ ಕಿವಿಗೆ ಹಾಕಿಕೊಂಡ. ಮತ್ತೊಮ್ಮೆ ಸುತ್ತಿ ಕೇಳಿದ. "ಅಮ್ಮಾ, ರೀಲು ಖಾಲಿ ಇದೆ ಮಾ." ನಾನು ಒಂದೇ ಗುಂಡಿ ಒತ್ತಿದ್ದೆ.

ಅಲ್ಲಿಗೆ ಎದ್ದು ಬರಬೇಕಿತ್ತು. ನಾಳೆ ಬರುತ್ತೇನೆ ಅಂತಲೋ, ಬೇಡವೇ ಬೇಡ ಅಂತಲೋ ಹೇಳಿ ಬರಬೇಕಿತ್ತು. ನಾನು ಒಳಗೆ ಹೋಗಿ, "ಶಮೀಮ್, ಯಂತ್ರದ್ದು ಏನೋ ತಪ್ಪಾಯ್ತು. ಇನ್ನೊಂದು ಸಲ ಹೇಳ್ತೀಯಾ?" ಅಂದೆ.

"ಆಗಲೇ ಹೇಳಿದೆನಲ್ಲ ಅಕ್ಕ" ಅಂದಳು. ಆದರೂ ಹೇಳಿದಳು. ಈ ಸಲ ನಾಲ್ಕೇ ಮಾತಿನಲ್ಲಿ ಮುಗಿಯಿತು. ಜ್ವರ ಇತ್ತು, ಕರೆಯೋಕೆ ಬಂದ್ರು, ಹೋದ್ರು. ಕಲ್ಲಿನ ಹಾಗೆ ಇತ್ತು. ಇಂಥದ್ದು ಯಾರ ಮನೆಯಲ್ಲೂ ಯಾರ ಕೈಯನ್ನೂ ಅಕ್ಕಿಯ ಮೇಲೆ ನಿಲ್ಲಿಸುವುದಿಲ್ಲ ಅಂತ ನನ್ನೊಳಗಿದ್ದ ನಟಿಗೆ ಗೊತ್ತಾಯಿತು. ತಗಡಿನ ಥಿಯೇಟರಿನ ಪರದೆಯ ಹಿಂದೆ ಯಜಮಾನ್ರು ತಿರುಗಿಸುತ್ತಿದ್ದ ಕೈ ಈಗ ನನ್ನದಾಗಿತ್ತು.

"ಮೊದಲಿನಷ್ಟು ಉದ್ದ ಬೇಡ, ಇಷ್ಟು ಚಿಕ್ಕದೂ ಬೇಡ" ಅಂದೆ. "ಜ್ವರ ಇತ್ತು ಅನ್ನು. ಅಲ್ಲಿ ನಿಲ್ಲಿಸು. ಉಸಿರು ಎಳಕೋ. ಆಮೇಲೆ 'ನಾನೇ ಅಂದೆ, ಹೋಗಿ ಬನ್ನಿ' ಅನ್ನು. ಆ ಮನುಷ್ಯನ ಕಥೆ, ಗಂಜಿ ಕಥೆ ಎಲ್ಲ ಬೇಡ."

ಅವಳು ಹಾಗೆಯೇ ಮಾಡಿದಳು. ನಾನು ಓದು ಕಲಿಸಿದ ಹುಡುಗಿ, ಹೇಳಿದ ಹಾಗೆ ಮಾಡಿದಳು. ಜ್ವರ ಇತ್ತು ಅಂದಳು. ನಿಲ್ಲಿಸಿದಳು. ಉಸಿರು ಎಳೆದುಕೊಂಡಳು. ಆ ಉಸಿರಿನಲ್ಲೇ ಏನೋ ಹರಿದುಹೋಯಿತು. "ನಾನೇ ಅಂದೆ, ಹೋಗಿ... ಬನ್ನಿ" ಅನ್ನುವಷ್ಟರಲ್ಲಿ ಅವಳು ಮುಂದಕ್ಕೆ ಬಾಗಿ, ತಲೆ ನೆಲಕ್ಕೆ ತಾಗುವ ಹಾಗೆ ಅಳತೊಡಗಿದಳು. ಖೈರುನ್‌ಬಿ, "ಬಸ್, ವಿಮಲಮ್ಮ, ಸಾಕು, ಬಸ್ ಮಾಡಿ" ಅಂತ ನನ್ನ ಮೊಣಕೈ ಹಿಡಿದರು. ನಾನು ಯಂತ್ರದ ಕಡೆ ನೋಡಿದೆ. ಎರಡು ಗುಂಡಿಯೂ ಒತ್ತಿಕೊಂಡೇ ಇದ್ದವು.

ಮರುದಿನ ಟೇಪು ಕತ್ತರಿಸಲು ಕೂತೆ. "ಬನ್ನಿ" ಎಂಬ ಮಾತು ಅಳುವಿನಲ್ಲಿ ಅರ್ಧ ಮುಳುಗಿತ್ತು, ಕೇಳಲು ಒರಟಾಗಿತ್ತು. "ಹೋಗಿ" ಅಂದ ತಕ್ಷಣ ಅಳು ಬಂದರೆ ಎಷ್ಟು ಚೆನ್ನ ಅನ್ನಿಸಿತು. ಎರಡು ಕಡೆ ಬ್ಲೇಡು ಹಾಕಿದೆ. ನಡುವಿನ ತುಂಡು ಬೆರಳಿನಷ್ಟು ಉದ್ದ. ಬುಟ್ಟಿಗೆ ಹಾಕಿದೆ. ಸೆಲ್ವರಾಜ್ ಕೇಳಿ, "ಅಮ್ಮಾ, ಅವರು 'ಬನ್ನಿ' ಅಂದಿದ್ರಲ್ಲ?" ಅಂದ. "ಅರ್ಥ ಅದೇ ಬಿಡು" ಅಂದೆ.

ಕಾರ್ಯಕ್ರಮ ಹೋಯಿತು. ಕಾಗದಗಳು ಬಂದವು. ಸಾಗರದಿಂದ, ಚಿಕ್ಕಮಗಳೂರಿನಿಂದ, ಎಲ್ಲೆಲ್ಲಿಂದಲೋ. ಒಲೆ ಆರಿದ್ದು ಗೊತ್ತಾಗಲಿಲ್ಲ, ಹಾಗೆ ಕೇಳುತ್ತಾ ಕೂತಿದ್ದೆವು ಅಂತ ಒಬ್ಬರು ಬರೆದಿದ್ದರು. ಮತ್ತೆ ಹಾಕಿ, ಮತ್ತೆ ಹಾಕಿ ಅಂತ ಕೇಳುವವರು ಹೆಚ್ಚಾದರು. ಅನಂತರಾಮಯ್ಯನವರು ಹಾಕೋಣವೇ ಅಂದರು. ನಾನು ಹೂಂ ಅಂದೆ.

ಮೊದಲ ಸಲ ದಸ್ತಗೀರನ ಮನೆಯವರು ಕೇಳಿರಲಿಲ್ಲ. ಎರಡನೇ ಸಲ ಹಾಕಿದಾಗ ಅವನ ತಮ್ಮ ಹಳೇನಗರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತಿದ್ದ. ಹೆಸರು ಹೇಳದಿದ್ದರೇನು, ಅತ್ತಿಗೆಯ ಧ್ವನಿ ಗೊತ್ತಾಗದೆ ಇರುತ್ತದೆಯೇ? ಜ್ವರ ಇತ್ತು. ನಾನೇ ಅಂದೆ, ಹೋಗಿ. ಅವನು ಹೋಗಿ ತಾಯಿಗೆ ಹೇಳಿದ. ಮಗನಿಗೆ ಅವತ್ತು ಜ್ವರ ಇತ್ತೆಂಬುದು ಆ ತಾಯಿ ಅಮೀನಾಬಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಇದ್ದತ್ ಮುಗಿಯುವ ತನಕ ಆ ಮುದುಕಿ ಏನೂ ಮಾತಾಡಲಿಲ್ಲ. ಮುಗಿದ ಮಾರನೇ ದಿನ ಸೊಸೆಯ ಮನೆಗೆ ಬಂದು, "ಮಗಳನ್ನ ಎತ್ಕೊಂಡು ನಿನ್ನ ತಾಯಿ ಮನೆಗೆ ಹೋಗು. ಹುಡುಗ ನಮ್ಮ ಮನೆಯವನು, ಇಲ್ಲಿರ್ತಾನೆ" ಅಂದರಂತೆ. ಶಮೀಮ್ ಕಾಲು ಹಿಡಿದಳಂತೆ. ಅನ್ವರನನ್ನು ಚಿಕ್ಕಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೊರಟಾಗ, ಹುಡುಗ ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ತಿಳಿದು ನಗುತ್ತಾ ಹೋದನಂತೆ. ಇದನ್ನೆಲ್ಲ ನನಗೆ ಹೇಳಿದವರು ಖೈರುನ್‌ಬಿ. ಹೊಸಮನೆಯ ಅಂಗಳದಲ್ಲಿ ನಿಂತು, ಸಿಟ್ಟಿಲ್ಲದೆ ಹೇಳಿದರು. ಸಿಟ್ಟು ಮಾಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅನಂತರಾಮಯ್ಯನವರ ಹತ್ತಿರ ಹೋಗಿ ಆದದ್ದನ್ನೆಲ್ಲ ಹೇಳಿದೆ. ಗುಂಡಿ ಮರೆತದ್ದು, ಹೇಳಿಕೊಟ್ಟದ್ದು, ಕತ್ತರಿಸಿದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಆ ತುಂಡು ಇದೆಯಾ?"

ಸೆಲ್ವರಾಜ್ ಆಗಲೇ ಹುಡುಕಿದ್ದ. ಬುಟ್ಟಿ ಎಂದೋ ಖಾಲಿಯಾಗಿತ್ತು.

"ಮೊದಲನೇ ಸಲ ಅವಳು ಹೇಳಿದ್ದು?"

"ಅದು ಟೇಪಿನ ಮೇಲೆ ಬಂದೇ ಇಲ್ಲ ಸಾರ್."

"ಹಾಗಾದ್ರೆ ಸಾಕ್ಷಿ ಅಂತ ಇರೋದು ನೀನು ಒಬ್ಬಳೇ" ಅಂದರು. ಬೈಯಲಿಲ್ಲ. ರೇಡಿಯೋದಲ್ಲಿ ತಿದ್ದಿ ಹೇಳಿಬಿಡೋಣ ಅಂತ ನಾನು ಅಂದೆ. ಇನ್ನೊಮ್ಮೆ ಆ ಹುಡುಗಿಯ ಸಂಸಾರವನ್ನು ಬೀದಿಗೆ ತರುವುದು ಬೇಡ, ಹೇಳಬೇಕಾದವರ ಮನೆಗೇ ಹೋಗಿ ಹೇಳೋಣ ಅಂತ ಕೋಟು ಹಾಕಿಕೊಂಡು ನನ್ನ ಜೊತೆ ಹೊರಟರು.

ಅಮೀನಾಬಿ ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ಅನ್ವರ್ ಒಂದು ಹಳೆಯ ಸೈಕಲ್ ಟೈರು ಉರುಳಿಸುತ್ತಾ ನಮ್ಮ ಮುಂದೆಯೇ ಓಡಾಡುತ್ತಿದ್ದ. ನಾನು ಕೈಮುಗಿದು ಎಲ್ಲವನ್ನೂ ಹೇಳಿದೆ. ಶಮೀಮ್ ಬೇಡ ಅಂದಿದ್ದಳು, ತೋಳು ಹಿಡಿದಿದ್ದಳು, ಹೋಗಿ ಬನ್ನಿ ಅಂದಿದ್ದಳು, ಮಾತು ಕತ್ತರಿಸಿದವಳು ನಾನು ಅಂದೆ.

ಮುದುಕಿ ಕೊನೆಯ ತನಕ ಕೇಳಿದರು. "ನಮ್ಮಲ್ಲೂ ಜಾಕೆ ಆವೋ, ಹೋಗಿ ಬನ್ನಿ ಅಂತ್ಲೇ ಅಂತಾರೆ ಅಮ್ಮ. ಹೋಗು ಅಂತ ಯಾರೂ ಗಂಡನಿಗೆ ಅನ್ನಲ್ಲ" ಅಂದರು. "ಆದ್ರೆ ನಾನು ಕೇಳಿದ್ದು ಅವಳ ಧ್ವನಿ. ನಿಮ್ಮ ಧ್ವನಿ ಅಲ್ಲ. ಮಾತು ನೀವು ಹೇಳಿಕೊಟ್ಟಿದ್ದು ಅಂತೀರಿ. ಅಳು? ಅಳು ಯಾರು ಹೇಳಿಕೊಟ್ರು?"

ನಾನು ಮುಗಿದ ಕೈಯನ್ನು ಇಳಿಸಿದೆ.

"ನೀವು ಹೇಳಿಕೊಟ್ರೆ ಅವಳು ಅಳ್ತಾಳೆ ಅನ್ನೋದಾದ್ರೆ, ನನ್ನ ಮಗನ ಮಯ್ಯತ್ತು ಮನೆಗೆ ತಂದಾಗ ಅದರ ಮುಂದೆ ಅತ್ತಿದ್ದನ್ನೂ ನಾನು ನಂಬಲ್ಲ. ತಾನಾಗೇ ಅತ್ತಳು ಅಂದ್ರೆ, ತಪ್ಪು ಮಾಡಿದ್ದಕ್ಕೇ ಅತ್ತಳು. ಯಾವುದು ಹೇಳಿ."

ಅನಂತರಾಮಯ್ಯನವರು, "ತಾಯಿ, ನಮ್ಮ ಹುಡುಗಿಯಿಂದ ತಪ್ಪಾಗಿದೆ. ನಿಮ್ಮ ಸೊಸೆಯಿಂದಲ್ಲ" ಅಂದರು. ಅಮೀನಾಬಿ ಅವರ ಖಾಲಿ ಲೋಟ ತೆಗೆದುಕೊಂಡು, "ದೊಡ್ಡವರು ಬಂದ್ರಿ, ಸಂತೋಷ" ಅಂತ ಒಳಗೆ ಹೋದರು.

ಆಮೇಲೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ಹಬ್ಬಕ್ಕೆ, ಮತ್ತೆ ತಿಂಗಳಿಗೆ ಒಂದು ದಿನ ಶಮೀಮ್ ಭದ್ರಾವತಿಗೆ ಬಂದು ಮಗನನ್ನು ನೋಡಬಹುದು ಅಂತ ತೀರ್ಮಾನವಾಯಿತು. ಅಷ್ಟೇ ಆದದ್ದು. ಅದಕ್ಕಿಂತ ಹೆಚ್ಚು ಯಾವತ್ತೂ ಆಗಲಿಲ್ಲ. ಶಮೀಮ್ ಹೊಸಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತಳು. ನಾನು ಹಿತ್ತಿಲ ಕಡೆಯಿಂದ ಬಂದರೆ ಅವಳ ಯಂತ್ರದ ಸದ್ದು ನಿಲ್ಲುತ್ತಿತ್ತು, ನಾನು ಒಳಗೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಒಂದು ದಿನ ಖೈರುನ್‌ಬಿ, "ವಿಮಲಮ್ಮ, ಬೇಜಾರು ಮಾಡ್ಕೋಬೇಡಿ, ಬೇರೆ ಮನೆ ನೋಡ್ಕೊಳ್ಳಿ" ಅಂದರು. ಇಸ್ಮಾಯಿಲ್ ಸಾಬರೇ ಸಾಮಾನನ್ನು ಗಾಡಿಗೆ ಏರಿಸಿಕೊಟ್ಟರು.

ಎಷ್ಟೋ ವರ್ಷದ ಮೇಲೆ ಟೀವಿಗೆ ಹೋದಾಗ ನನ್ನ ಜೊತೆಯವರಿಗೆಲ್ಲ ನಾನು ವಿಚಿತ್ರವಾಗಿ ಕಂಡೆ. ಕಷ್ಟದಲ್ಲಿರುವವರನ್ನು ಮಾತಾಡಿಸುವಾಗ ಒಂದೇ ಸಲ. ಬೆಳಕು ಸಾಲದಿದ್ದರೂ, ಕ್ಯಾಮೆರಾ ಕೈಕೊಟ್ಟರೂ, ಮತ್ತೆ ಹೇಳಿಸುವ ಹಾಗಿಲ್ಲ. ಬರಿಗೈಯಲ್ಲಿ ವಾಪಸು ಬಂದದ್ದು ಎಷ್ಟೋ ಸಲ. ಮೇಲಿನವರು ಅದಕ್ಕೆ ಕಾರಣ ಕೇಳಿ ಕಾಗದ ಕೊಟ್ಟಿದ್ದೂ ಉಂಟು. ಉದ್ದವಾಯಿತು, ಕತ್ತರಿಸಿ ಅಂದರೆ, ಹೇಳಿದವರನ್ನು ಕರೆಸಿ ತೋರಿಸಿ ಆಮೇಲೆ ಕತ್ತರಿಸುತ್ತೇನೆ ಅನ್ನುತ್ತಿದ್ದೆ. ನಾಟಕದಿಂದ ಬಂದವಳಿಗೆ ಜನರಿಂದ ಭಾವನೆ ತೆಗೆಸುವುದಕ್ಕೇ ಬರುವುದಿಲ್ಲ ಅಂತ ಹಿಂದಿನಿಂದ ಆಡಿಕೊಂಡರು. ಆಡಿಕೊಳ್ಳಲಿ ಅಂತ ಬಿಟ್ಟೆ. ಆದರ್ಶ ಅದು ಅಂತ ನೀವು ತಿಳಿಯಬಾರದು. ಹೆದರಿಕೆ.

ಇನ್ನೊಂದು ಸಂಗತಿ ಉಳಿದಿದೆ. ಆ ದಶಕದ ಕೊನೆಗೆ ನನಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಮೊದಲು ಒಂದು ಬೆಳಗ್ಗೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಶಮೀಮ್ ಸಿಕ್ಕಿದಳು. ಕೈಯಲ್ಲಿ ಬಟ್ಟೆಯ ಗಂಟು. ಮಗನಿಗೆ ತಾನೇ ಹೊಲಿದ ಅಂಗಿ. ಭದ್ರಾವತಿಯ ಬಸ್ಸಿಗೆ ಕಾಯುತ್ತಿದ್ದಳು. ಅವಳಾಗಿಯೇ ನನ್ನ ಹತ್ತಿರ ಬಂದಳು. ಅಷ್ಟು ದಿನದ ಮೇಲೆ ಅಕ್ಕ ಅಂದಳು.

"ಅಕ್ಕ, ಒಂದು ಕೇಳ್ಬೇಕಿತ್ತು. ನಾನು ಅವತ್ತು ಮೊದಲನೇ ಸಲ ಏನು ಹೇಳಿದ್ದೆ? ನನಗೆ ಈಗ ನೆನಪಾಗೋದು ರೇಡಿಯೋದಲ್ಲಿ ಬಂದದ್ದೇ. ಕಣ್ಣು ಮುಚ್ಚಿದ್ರೆ ಅವರು ಚಪ್ಪಲಿ ಹಾಕ್ಕೊಂಡು ನಿಂತಿರ್ತಾರೆ, ನಾನು ಹೋಗಿ ಅಂತೀನಿ. ಅಷ್ಟೇ ಬರೋದು. ಅದರ ಮುಂಚೆ ಏನಿತ್ತು ಅಂತ ಬರಲ್ಲ."

ನಾನು ಹೇಳಿದೆ. ಹಣೆ ಮುಟ್ಟಿದ್ದು, ಗೋಡೆಯ ಕಡೆ ತಿರುಗಿದ್ದು, ಹಾರನ್ನು, ಬಾಗಿಲ ಹಿಂದೆ ನಿಂತದ್ದು, ಆ ಮನುಷ್ಯ ಹೆದರಿಸಿದ್ದು, ತೋಳು, ಗಂಜಿ. ಒಂದನ್ನೂ ಬಿಡದೆ, ಅವಳು ಹೇಳುತ್ತಿದ್ದ ಹಾಗೆಯೇ ನಿಧಾನವಾಗಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. ಬಸ್ಸು ಬಂದು ನಿಂತಿತು, ಜನ ಹತ್ತತೊಡಗಿದರು.

"ನಾನು ಬೇಡ ಅಂದಿದ್ದೆನಾ ಅಕ್ಕ?"

"ಅಂದಿದ್ದೆ. ಎರಡು ಸಲ ಅಂದಿದ್ದೆ."

"ಬನ್ನಿ ಅಂತಾನೂ ಅಂದಿದ್ದೆನಾ?"

"ಅಂದಿದ್ದೆ ಶಮೀಮ್. ಆಣೆ ಮಾಡಿ ಹೇಳ್ತೀನಿ."

ಅವಳು ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಒಂದು ಗಳಿಗೆ ನಿಂತಳು.

"ನೀವು ಹೇಳಿದ್ರೆ ಎಲ್ಲ ನಿಜ ಅನ್ಸುತ್ತೆ ಅಕ್ಕ," ಅಂದಳು. "ಅದಕ್ಕೇ ಯಾವುದು ನಿಜ ಅಂತ ಗೊತ್ತಾಗಲ್ಲ."